ಆಮ್‌ಸ್ಟರ್‌ಡ್ಯಾಮಿನ ಗ್ರಂಥಿಗೆ ಅಂಗಡಿ

ನವಸಾಗರ ಎಂದರೆ ನನಗೆ ನೆನಪಾಗುವುದು ಕಲಾಯಿ. ನಾನು ಚಿಕ್ಕವನಿದ್ದಾಗ ವರ್ಷಕ್ಕೊಮ್ಮೆ ನಮ್ಮೂರಿಗೆ ಕಲಾಯಿಯವನು ಬರುತ್ತಿದ್ದ. ಅಂಗಳದ ಮೂಲೆಯಲ್ಲಿ ಕುಳಿ ತೋಡಿ, ತಿದಿ ಒತ್ತಿ ಇದ್ದಿಲು ಕೆಂಪಗೆ ಮಾಡಿ, ಕಾದ ಹಿತ್ತಾಳೆ ಪಾತ್ರೆಯೊಳಗೆ ಒಂದು ಚಿಟಿಕೆ ಬಿಳಿ ಪುಡಿ ಎರಚುತ್ತಿದ್ದ. ಬುಸ್ಸೆಂದು ಹೊಗೆ ಏಳುತ್ತಿತ್ತು. ಆ ಹೊಗೆಗೆ ಮೂಗಿನ ಎರಡೂ ಹೊಳ್ಳೆ ಒಟ್ಟಿಗೇ ತೆರೆದುಕೊಳ್ಳುತ್ತಿದ್ದವು. ಪುಡಿಯ ಹೆಸರು ನವಸಾಗರ ಎಂದು ಅಜ್ಜಿ ಹೇಳಿದ್ದಳು. ಮುಟ್ಟಿದ ಕೈ ಬಾಯಿಗೆ ಹಾಕಬೇಡ ಎಂದೂ ಹೇಳಿದ್ದಳು.

ನಲವತ್ತು ವರ್ಷ ಕಳೆದ ಮೇಲೆ ಅದೇ ನವಸಾಗರವನ್ನು ನಾನು ಬಾಯಲ್ಲಿಟ್ಟುಕೊಂಡು ಆಮ್‌ಸ್ಟರ್‌ಡ್ಯಾಮಿನ ಒಂದು ಅಂಗಡಿಯಲ್ಲಿ ನಿಂತಿದ್ದೆ. ನುಂಗುವಂತಿರಲಿಲ್ಲ, ಉಗುಳಲು ಮರ್ಯಾದೆ ಬಿಡುತ್ತಿರಲಿಲ್ಲ. ಕಟ್ಟೆಯ ಆಚೆ ನಿಂತ ಹೆಂಗಸು ನನ್ನ ಮುಖ ನೋಡಿ ನಗು ತಡೆದುಕೊಂಡಿದ್ದಳು. ‘ಸಿಹಿಯದು ಬೇಕೋ, ಉಪ್ಪಿನದು ಬೇಕೋ’ ಎಂದು ಅವಳು ಮೊದಲೇ ಕೇಳಿದ್ದಳು. ಶೂರನಂತೆ ಉಪ್ಪಿನದೇ ಇರಲಿ ಎಂದವನು ನಾನು.

ಡಚ್ಚರು ಇದನ್ನು ‘ಡ್ರಾಪ್’ ಎನ್ನುತ್ತಾರೆ. ಜೇಷ್ಠಮಧುವಿನ ಬೇರಿನ ರಸ ಬತ್ತಿಸಿ ಮಾಡುವ ಕರೀ ಮಿಠಾಯಿ. ಅದಕ್ಕೆ ನವಸಾಗರ ಬೆರೆಸಿದರೆ ಉಪ್ಪಿನ ಡ್ರಾಪ್. ತಲೆಯೊಂದಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ಜೇಷ್ಠಮಧುವಿನ ಮಿಠಾಯಿ ತಿನ್ನುವುದರಲ್ಲಿ ಜಗತ್ತಿನಲ್ಲೇ ಮುಂದಿರುವವರು ಈ ಜನ. ಮಕ್ಕಳು, ಮುದುಕರು, ಸೈಕಲ್ ಮೇಲೆ ಹೋಗುವ ಪೊಲೀಸರು, ಎಲ್ಲರ ಜೇಬಿನಲ್ಲೂ ಒಂದು ಪೊಟ್ಟಣ ಇರುತ್ತದೆ. ನಾವು ಅಡಿಕೆ ಜಗಿಯುವುದನ್ನು ನೋಡಿ ಹೊರಗಿನವರು ಏನಂದುಕೊಳ್ಳುತ್ತಾರೋ ಅದೇ ಭಾವ ನನಗೂ ಬಂತು. ಅಭ್ಯಾಸವಿದ್ದವರಿಗೆ ಅಮೃತ.

ಅಂಗಡಿಯ ಹೆಸರು ಯಾಕೋಬ್ ಹೋಯ್. ಶುರುವಾದದ್ದು 1743ರಲ್ಲಿ. ಯಾಕೋಬ್ ಹೋಯ್ ಎನ್ನುವುದು ಅದನ್ನು ಆರಂಭಿಸಿದವನ ಹೆಸರು. ಆಮೇಲೆ ಅಂಗಡಿ ಬೇರೆ ಮನೆತನಕ್ಕೆ ಹೋಯಿತು, ಹೆಸರು ಮಾತ್ರ ಉಳಿಯಿತು. ಡಚ್ಚರು ಎದುರು ಸಿಕ್ಕಾಗ ‘ಹೋಯ್’ ಎಂದೇ ಮಾತಾಡಿಸುತ್ತಾರೆ; ನಮ್ಮ ಕುಂದಾಪುರದವರು ‘ಹ್ವಾಯ್’ ಎಂದು ಕರೆಯುವುದಕ್ಕೂ ಇದಕ್ಕೂ ನನ್ನ ಕಿವಿಗೆ ಕೂದಲೆಳೆಯಷ್ಟೇ ವ್ಯತ್ಯಾಸ. ಭಾಷೆಯ ನಂಟೇನೂ ಇಲ್ಲ, ಬಿಡಿ. ವ್ಯಾಪಾರದ ನಂಟು ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನನ್ನು ಅಲ್ಲಿಗೆ ಕರೆದೊಯ್ದವನು ದಾವಣಗೆರೆಯ ಗೆಳೆಯ. ಊರ ಪಕ್ಕದ ಆಮ್ಸ್ಟೆಲ್‌ವೇನ್‌ನಲ್ಲಿ ಅವನ ವಾಸ. ಹತ್ತು ವರ್ಷದಿಂದ ಅಲ್ಲಿದ್ದರೂ ಈ ಅಂಗಡಿಗೆ ಕಾಲಿಟ್ಟಿರಲಿಲ್ಲ. ‘ಜೀರಿಗೆ, ಮೆಣಸು ನಮಗೆ ನಮ್ಮವರ ಅಂಗಡೀಲೇ ಕಿಲೋಗಟ್ಟಲೆ ಸಿಗ್ತದಲ್ಲೋ, ಇಲ್ಲಿ ಗ್ರಾಂ ಲೆಕ್ಕ’ ಎಂಬುದು ಅವನ ವಾದ. ಸರಿಯಾದ ವಾದವೇ. ಆದರೆ ನಾನು ಹೋದದ್ದು ಸಾಮಾನು ತರಲಿಕ್ಕಲ್ಲ, ಮನೆ ನೋಡಲಿಕ್ಕೆ.

ಸೆಂಟ್ರಲ್ ಸ್ಟೇಷನ್ನಿನಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ. ನ್ಯೂಮಾರ್ಕ್ಟ್ ಎಂದು ಅದರ ಹೆಸರು, ಅಂದರೆ ಹೊಸ ಸಂತೆ. ನಮ್ಮ ಹಳೇಪೇಟೆಗಳ ಹೊಸಬೀದಿಗಳಷ್ಟೇ ಹೊಸದು! ನೆಲದಡಿಯ ನಿಲ್ದಾಣದಲ್ಲಿ ಗೋಡೆಗಳನ್ನು ಬಡಿದು ಬೀಳಿಸುವ ದೊಡ್ಡ ಕಬ್ಬಿಣದ ಗುಂಡೊಂದು ಕಾಣುತ್ತದೆ. ಅಲಂಕಾರಕ್ಕೆ ಇಟ್ಟದ್ದಲ್ಲ, ನೆನಪಿಗೆ ಇಟ್ಟದ್ದು. ಇದೇ ಮೆಟ್ರೋ ತರಲು 1970ರ ದಶಕದಲ್ಲಿ ಈ ಕೇರಿಯ ಹಳೆಯ ಮನೆಗಳನ್ನು ಸಾಲಾಗಿ ಕೆಡವಿದರು. ಮೇಲೊಂದು ಹೆದ್ದಾರಿಯನ್ನೂ ಹಾಯಿಸುವ ಯೋಜನೆ ಇತ್ತು. ನಿವಾಸಿಗಳು ತಿರುಗಿ ನಿಂತರು. 1975ರ ಮಾರ್ಚಿನಲ್ಲಿ ಪೊಲೀಸರಿಗೂ ಜನರಿಗೂ ಬೀದಿಯಲ್ಲೇ ಹೊಡೆದಾಟವಾಯಿತು. ಮೆಟ್ರೋ ಬಂತು, ಹೆದ್ದಾರಿ ಬರಲಿಲ್ಲ. ಜಲಫಿರಂಗಿಗೆ ಎದೆಕೊಟ್ಟವರ ಹಟ ಇಲ್ಲದಿದ್ದರೆ ಈ ಕಡೆಯ ಎಷ್ಟು ಮನೆಗಳು ಉಳಿಯುತ್ತಿದ್ದವೋ. ರಸ್ತೆ ಅಗಲ ಮಾಡಲು ಅರ್ಧಕ್ಕೆ ಕೊರೆದು ಬಿಟ್ಟ ನಮ್ಮ ಪೇಟೆಬೀದಿಗಳ ತೊಟ್ಟಿಮನೆಗಳನ್ನು ಕಂಡವನಿಗೆ ಆ ಕಬ್ಬಿಣದ ಗುಂಡಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಚೌಕದ ನಡುವೆ ಕೋಟೆಯಂಥ ಇಟ್ಟಿಗೆ ಕಟ್ಟಡ, ಮೊನಚು ಗೋಪುರಗಳು. ಇದು ‘ವಾಗ್’, ತೂಕದ ಮನೆ. 1488ರ ಹೊತ್ತಿಗೆ ಊರಿನ ಹೆಬ್ಬಾಗಿಲಾಗಿ ಕಟ್ಟಿದ್ದು. ಊರು ಬೆಳೆದು ಗೋಡೆಯಾಚೆ ಚೆಲ್ಲಿದ ಮೇಲೆ ಹೆಬ್ಬಾಗಿಲಿಗೆ ಕೆಲಸವಿಲ್ಲದಾಯಿತು. 1617ರಲ್ಲಿ ಅದನ್ನು ತಕ್ಕಡಿ ಕಟ್ಟಡವಾಗಿ ಮಾಡಿದರು. ಭಾರದ ಸರಕನ್ನೆಲ್ಲ ಇಲ್ಲಿ ತೂಗಿಸಿ, ಸುಂಕ ಕಟ್ಟಿ ಮುಂದೆ ಸಾಗಿಸಬೇಕು. ಮೇಲಂತಸ್ತಿನಲ್ಲಿ ಕುಶಲಕರ್ಮಿಗಳ ಸಂಘಗಳಿದ್ದವು. ಶಸ್ತ್ರವೈದ್ಯರ ಸಂಘವೂ ಅಲ್ಲೇ. ರೆಂಬ್ರಾಂಟ್ 1632ರಲ್ಲಿ ಬಿಡಿಸಿದ ಡಾಕ್ಟರ್ ತುಲ್ಪನ ಅಂಗರಚನಾ ಪಾಠದ ಚಿತ್ರ ಆ ಸಂಘಕ್ಕಾಗಿ ಬರೆದದ್ದು. ಕೆಳಗೆ ಸರಕಿನ ತೂಕ, ಮೇಲೆ ಹೆಣದ ಪರೀಕ್ಷೆ. ಈಗ ಕೆಳಗೆ ಊಟದ ಹೋಟೆಲು.

ಅಲ್ಲಿಂದ ಕಾಲುವೆಯ ದಂಡೆ ಹಿಡಿದು ದಕ್ಷಿಣಕ್ಕೆ ಹತ್ತಾರು ಹೆಜ್ಜೆ ಹಾಕಿದರೆ ಸಾಕು. ಕಾಲುವೆಯ ಹೆಸರು ಕ್ಲೋವೆನಿಯರ್ಸ್‌ಬುರ್ಗ್‌ವಾಲ್, ಹೇಳಲು ನಾಲಿಗೆಗೆ ಸಾಕಷ್ಟು ಕಸರತ್ತು. ಕೋವಿ ಹಿಡಿದ ನಗರ ಕಾವಲು ಪಡೆಯವರಿಂದ ಬಂದ ಹೆಸರಂತೆ. ಸಮಸಂಖ್ಯೆಯ ಮನೆಗಳ ಸಾಲಿನಲ್ಲಿ 12ನೇದು ನಮ್ಮ ಅಂಗಡಿ.

ಒಳಗೆ ಹೋಗುವ ಮುಂಚೆ ಎದುರು ದಂಡೆಯಿಂದ ಒಮ್ಮೆ ನೋಡಬೇಕು. ಆಮ್‌ಸ್ಟರ್‌ಡ್ಯಾಮಿನ ಹಳೆಯ ಮನೆಯೆಂದರೆ ಪುಸ್ತಕದ ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕದ ಹಾಗೆ: ಬೆನ್ನು ಸಣ್ಣ, ಒಳಗೆ ಆಳ. ಬೀದಿಗೆ ಕಾಣುವ ಮುಖ ನಾಲ್ಕೈದು ಮಾರು, ಹಿಂದಕ್ಕೆ ಹೋದಂತೆ ಕೋಣೆಯ ಮೇಲೆ ಕೋಣೆ. ಕಾಲುವೆ ದಂಡೆಯ ಜಾಗಕ್ಕೆ ಚಿನ್ನದ ಬೆಲೆ, ಅದಕ್ಕೇ ಎಲ್ಲರೂ ಅಗಲ ಬಿಟ್ಟು ಎತ್ತರಕ್ಕೆ ಹೋದರು. ನೆಲ ಕೆಸರು, ಆದ್ದರಿಂದ ಗಟ್ಟಿ ಮರಳಿನ ಪದರ ಸಿಗುವವರೆಗೆ ಮರದ ಕಂಬಗಳನ್ನು ಹೂತು ಅದರ ಮೇಲೆ ಮನೆ ಕಟ್ಟಿದರು. ಊರ ನಡುವಿನ ಅರಮನೆಯೊಂದರ ಅಡಿಗೇ 13,659 ಕಂಬಗಳಿವೆಯಂತೆ. ಕಂಬ ಕುಸಿದ ಕಡೆ ಮನೆ ಪಕ್ಕಕ್ಕೆ ವಾಲುತ್ತದೆ. ಆದರೆ ಮುಂದಕ್ಕೆ ವಾಲಿದ್ದರೆ ಅದು ಕುಸಿತವಲ್ಲ, ಬೇಕೆಂದೇ ಹಾಗೆ ಕಟ್ಟಿದ್ದು.

ಯಾಕೆ ಎಂಬುದಕ್ಕೆ ಉತ್ತರ ಮನೆಯ ನೆತ್ತಿಯಲ್ಲಿದೆ. ಪ್ರತಿ ಮನೆಯ ತುದಿಯಲ್ಲೂ ಒಂದು ತೊಲೆ ಬೀದಿಗೆ ಚಾಚಿಕೊಂಡಿರುತ್ತದೆ, ಅದರ ತುದಿಗೊಂದು ಕೊಂಡಿ. ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟು, ದೋಣಿಯಿಂದಲೇ ಮೂಟೆಯನ್ನು ಸೀದಾ ಅಟ್ಟಕ್ಕೆ ಎಳೆದುಕೊಳ್ಳುತ್ತಿದ್ದರು. ಮೇಲೇರುವ ಮೂಟೆ ಗೋಡೆಗೆ, ಕಿಟಕಿಗೆ ತಾಗಬಾರದೆಂದು ಮುಖವನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿದರು. ಒಳಗಿನ ಮೆಟ್ಟಿಲುಗಳು ಏಣಿಯಷ್ಟು ಕಡಿದು, ಮಂಚ ಒಯ್ಯುವಂತಿಲ್ಲ. ಹೀಗಾಗಿ ಮನೆ ಬದಲಿಸುವವರು ಇವತ್ತಿಗೂ ಸೋಫಾ, ಬೀರುಗಳನ್ನು ಕಿಟಕಿಯಿಂದಲೇ ಏರಿಸುತ್ತಾರೆ. ನಾವು ಹೋದ ದಿನವೂ ಎರಡು ಮನೆ ಆಚೆ ಒಂದು ಹಾಸಿಗೆ ಗಾಳಿಯಲ್ಲಿ ತೂಗಾಡುತ್ತಿತ್ತು.

ಈ ತೊಲೆಯನ್ನು ನೋಡಿದ ಮೇಲೆಯೇ ನನಗೆ ಆ ಊರು ಅರ್ಥವಾದದ್ದು. ಇವು ಬರೀ ವಾಸದ ಮನೆಗಳಲ್ಲ. ಕೆಳಗೆ ಅಂಗಡಿ, ನಡುವೆ ಸಂಸಾರ, ಮೇಲೆ ಗೋದಾಮು. ನಮ್ಮ ಶಿರಸಿ ಸೀಮೆಯ ಮನೆಗಳೂ ಹೀಗೆಯೇ ಅಲ್ಲವೇ! ಜಗಲಿಯಲ್ಲಿ ವ್ಯವಹಾರ, ಒಳಗೆ ಊಟ-ನಿದ್ದೆ, ಅಟ್ಟದ ಮೇಲೆ ಅಡಿಕೆ, ಏಲಕ್ಕಿ, ಮೆಣಸಿನ ಚೀಲ. ಮಳೆಗಾಲದಲ್ಲಿ ಅಟ್ಟ ಹತ್ತಿದರೆ ಒಲೆಯ ಹೊಗೆ, ಮೆಣಸಿನ ಘಾಟು ಒಟ್ಟಿಗೆ ಬರುತ್ತಿತ್ತು. ದರ ಏರುವವರೆಗೆ ಮಾಲು ಕಾಯಬೇಕು. ಕಾಯುವ ಮಾಲಿಗೆ ಒಣ ಜಾಗ ಬೇಕು. ಒಣ ಜಾಗ ಎಂದರೆ ಸೂರಿನ ಕೆಳಗೆ. ಕೆಸರಿನ ಊರಿನವನಿಗೂ ಮಳೆಯ ಊರಿನವನಿಗೂ ಒಂದೇ ಬುದ್ಧಿ ಹೊಳೆದಿದೆ.

ಬಾಗಿಲು ತೆರೆದರೆ ಒಳಗೆ ಅರೆಗತ್ತಲು. ಮೊದಲು ಮೂಗಿಗೆ ಕೆಲಸ, ಆಮೇಲೆ ಕಣ್ಣಿಗೆ. ಹೊರಗೆ ಕಾಲುವೆ ನೀರಿನ ಪಾಚಿ ವಾಸನೆ, ಪಕ್ಕದ ಓಣಿಗಳಿಂದ ತೇಲಿಬರುವ ಗಾಂಜಾದ ಕಮಟು. ಹೊಸ್ತಿಲು ದಾಟಿದ್ದೇ ಎಲ್ಲ ಅಳಿಸಿ ಸೋಂಪು, ಲವಂಗ, ಒಣಗಿದ ಕಿತ್ತಳೆ ಸಿಪ್ಪೆ, ಯಾವುದೋ ಬೇರಿನ ಮಣ್ಣುವಾಸನೆ. ಗೆಳೆಯ ಒಂದೇ ಮಾತಿನಲ್ಲಿ ಹೇಳಿಬಿಟ್ಟ: ‘ಲೇ, ಇದು ಗಂದಿಗೆ ಅಂಗಡಿ ಕಣೋ!’

ಬೋರ್ಡಿನ ಮೇಲೆ ‘ಗ್ರಂಥಿಗೆ ಅಂಗಡಿ’ ಎಂದು ಬರೆದರೂ ಬಾಯಲ್ಲಿ ಅದು ಗಂದಿಗೆಯೇ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಅಂಥ ಅಂಗಡಿಗಳು ಇನ್ನೂ ಇವೆ. ಪೂಜೆಗೆ ಕರ್ಪೂರ, ಬಾಣಂತಿಗೆ ಖಾರದ ಸಾಮಾನು, ಕೆಮ್ಮಿಗೆ ಹಿಪ್ಪಲಿ, ಕೂದಲಿಗೆ ಸೀಗೆ. ಅಡುಗೆ ಎಲ್ಲಿಗೆ ಮುಗಿದು ಮದ್ದು ಎಲ್ಲಿಂದ ಶುರು ಎಂದು ಗೆರೆ ಎಳೆಯಲಾಗದ ವ್ಯಾಪಾರ. ಡಚ್ಚರಲ್ಲಿ ಇಂಥ ವ್ಯಾಪಾರಿಗೆ ‘ಡ್ರೋಖಿಸ್ಟ್’ ಎನ್ನುತ್ತಾರೆ. ‘ಡ್ರೋಖ್’ ಎಂದರೆ ಒಣಗಿದ್ದು. ಒಣ ಬೇರು, ಒಣ ತೊಗಟೆ, ಒಣ ಬೀಜ ಮಾರುವವನು. ಅಂಥ ಅಂಗಡಿಗಳ ಬಾಗಿಲ ಮೇಲೆ ಹಿಂದೆಲ್ಲ ಬಾಯಿ ತೆರೆದ ಮರದ ತಲೆಯೊಂದನ್ನು ನೇತುಹಾಕುತ್ತಿದ್ದರು. ಮದ್ದು ನುಂಗಲು ಆ ಎಂದ ಬಾಯಿ. ತಲೆಗೆ ಬಹಳ ಸಲ ರುಮಾಲು, ಮೈಬಣ್ಣ ಕಪ್ಪು. ಸಾಮಾನು ಎಲ್ಲಿಂದ ಬಂತು ಎಂಬುದನ್ನು ಅಕ್ಷರ ಬಾರದವರಿಗೂ ತಿಳಿಸುವ ಉಪಾಯ ಅದು. ಇವತ್ತಿನ ಕಣ್ಣಿಗೆ ಅದು ಅಷ್ಟು ತಮಾಷೆಯಾಗಿ ಕಾಣುವುದಿಲ್ಲ.

ಗೋಡೆಯ ತುಂಬ ಮರದ ಖಾನೆಗಳು. ಕೈ ತಾಗಿ ತಾಗಿ ಹೊಳಪೇರಿದ ಕಂದು ಮರ, ಪ್ರತಿ ಖಾನೆಯ ಮೇಲೂ ಹೆಸರು. ಖಾನೆಗಳ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಪೀಪಾಯಿಗಳು. ಕಟ್ಟೆಯ ಮೇಲೆ ತಕ್ಕಡಿ. ಹತ್ತು ಗ್ರಾಂ ಕೇಳಿದರೂ ತೂಗಿ, ಕಾಗದದ ಚೀಲಕ್ಕೆ ಸುರಿದು, ಮೇಲೆ ಹೆಸರು ಬರೆದು ಕೊಡುತ್ತಾರೆ. ಮುಂದಿನ ಕಪಾಟುಗಳಲ್ಲಿ ಚಹಾದ ಪೆಟ್ಟಿಗೆ, ಮುಲಾಮು, ಎಣ್ಣೆ ಸೀಸೆಗಳೂ ಇವೆ. ಇದೇ ಹೆಸರಿನ ಆ ಮಾಲು ದೇಶದ ಉಳಿದ ಅಂಗಡಿಗಳಲ್ಲೂ ಸಿಗುತ್ತದಾದ್ದರಿಂದ ಅದಕ್ಕಾಗಿ ಇಲ್ಲಿಯವರೆಗೆ ಬರಬೇಕಿಲ್ಲ. ಬರಬೇಕಾದದ್ದು ಖಾನೆಗಳಿಗಾಗಿ.

ಹಳೆಯ ಡ್ರೋಖಿಸ್ಟರ ಲ್ಯಾಟಿನ್ನಿನಲ್ಲಿ ಒಂದು ಅನುಕೂಲವಿದೆ. ನಾಲ್ಕು ಮೊಟಕು ಪದ ಕಲಿತರೆ ಅರ್ಧ ಅಂಗಡಿ ಓದಲು ಬರುತ್ತದೆ: ಫೋಲ್ ಎಂದರೆ ಎಲೆ, ರಾಡ್ ಎಂದರೆ ಬೇರು, ಸೆಮ್ ಎಂದರೆ ಬೀಜ, ಕಾರ್ಟ್ ಎಂದರೆ ತೊಗಟೆ. ಉಳಿದದ್ದಕ್ಕೆ ಮೂಗು ಸಾಕು. ನಾನು ಒಂದೊಂದೇ ಕೇಳುತ್ತಾ ಹೋದೆ, ಆ ಹೆಂಗಸು ಬೇಸರಿಸದೆ ಖಾನೆ ಎಳೆದು ತೋರಿಸಿದಳು. ‘ಸೆನ್ನಾ’ ಎಂದರೆ ನಮ್ಮ ನೆಲಾವರಿಕೆ. ಹೊಟ್ಟೆ ಕಟ್ಟಿದರೆ ಅಲ್ಲಿಯೂ ಅದೇ ಗತಿ. ‘ಕಾಲ್ಮೂಸ್’ ಎಂದಾಗ ತಿಳಿಯಲಿಲ್ಲ. ಗಂಟುಗಂಟಾದ ತುಂಡೊಂದನ್ನು ಮೂಗಿಗೆ ಹಿಡಿದದ್ದೇ ಕಣ್ಮುಂದೆ ತೇಯುವ ಕಲ್ಲು, ಎದೆಹಾಲು, ಅಳುವ ಕೂಸು ಎಲ್ಲ ಬಂದವು. ಬಜೆ! ನಮ್ಮನೆಯ ಮಕ್ಕಳಿಗೆಲ್ಲ ಮಾತು ಬೇಗ ಬರಲೆಂದು ನಾಲಿಗೆಗೆ ತೇಯ್ದು ಸವರಿದ ಬಜೆ. ‘ನಿಮ್ಮಲ್ಲಿ ಇದನ್ನು ಏನು ಮಾಡುತ್ತಾರೆ’ ಎಂದು ಕೇಳಿದೆ. ‘ಹೊಟ್ಟೆಗೆ, ಕಷಾಯಕ್ಕೆ’ ಎಂದಳು. ನಮ್ಮಲ್ಲಿ ಮಾತು ಬರಲಿಕ್ಕೆ ಎಂದೆ. ‘ನಿಮ್ಮ ವಿಷಯದಲ್ಲಿ ಕೆಲಸ ಮಾಡಿದೆ’ ಎಂದು ನಕ್ಕಳು.

ಸೋಂಪಿನ ಖಾನೆಯ ಮುಂದೆ ಇನ್ನೊಂದು ಸಂಗತಿ ತಿಳಿಯಿತು. ಡಚ್ಚರ ಮನೆಯಲ್ಲಿ ಮಗು ಹುಟ್ಟಿದರೆ ನೋಡಲು ಬಂದವರಿಗೆ ಗರಿಗರಿ ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಹಚ್ಚಿದ ಸೋಂಪುಕಾಳು ಉದುರಿಸಿ ಕೊಡುತ್ತಾರೆ. ಗಂಡಾದರೆ ನೀಲಿ, ಹೆಣ್ಣಾದರೆ ಗುಲಾಬಿ. ಬಾಲದಂಥ ತುದಿ ಇರುವುದರಿಂದ ಆ ಕಾಳಿಗೆ ‘ಪುಟ್ಟ ಇಲಿ’ ಎಂದು ಹೆಸರು. ಸೋಂಪು ಬಾಣಂತಿಗೆ ಹಾಲು ಕೂಡಿಸುತ್ತದೆಂಬ ಹಳೆಯ ನಂಬಿಕೆ ಇದರ ಹಿಂದಿದೆ. ಬಾಣಂತಿಗೆ ಸಬ್ಬಸಿಗೆ ಸೊಪ್ಪು ತಿನ್ನಿಸುವ ನಮ್ಮ ಅಜ್ಜಿಯಂದಿರನ್ನೂ ಇವರನ್ನೂ ಒಂದೇ ಜಗಲಿಯಲ್ಲಿ ಕೂರಿಸಿದರೆ ಭಾಷೆ ಬಾರದಿದ್ದರೂ ಮಾತು ನಡೆಯುತ್ತದೆ.

ಮಸಾಲೆ ಸಾಗಿಸಿದವರು ಮಸಾಲೆ ತಿನ್ನಲಿಲ್ಲ, ಬೇಯಿಸಿದ ಆಲೂಗಡ್ಡೆಯಲ್ಲೇ ಉಳಿದರು ಎಂದು ಡಚ್ಚರನ್ನು ಆಡಿಕೊಳ್ಳುವುದುಂಟು. ಈ ಅಂಗಡಿಯಲ್ಲಿ ನಿಂತರೆ ಅದು ಅರ್ಧ ಸುಳ್ಳೆಂದು ಗೊತ್ತಾಗುತ್ತದೆ. ಅವರು ಮಸಾಲೆಯನ್ನು ಸಿಹಿಗೆ, ಗಿಣ್ಣಿಗೆ ಒಯ್ದರು. ಡಿಸೆಂಬರ್ 5ರ ಸಂತ ನಿಕೋಲಾಸನ ಹಬ್ಬಕ್ಕೆ ಮಾಡುವ ‘ಸ್ಪೆಕುಲಾಸ್’ ಬಿಸ್ಕತ್ತಿನಲ್ಲಿ ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ, ಏಲಕ್ಕಿ, ಜೊತೆಗೆ ಬಿಳಿ ಮೆಣಸು. ಹೆಚ್ಚುಕಡಿಮೆ ನಮ್ಮ ಕಷಾಯದ ಪುಡಿಯೇ. ಲೈಡನ್ ಊರಿನ ಗಿಣ್ಣಿನಲ್ಲಿ ಜೀರಿಗೆ, ಫ್ರೀಸ್‌ಲ್ಯಾಂಡಿನ ಗಿಣ್ಣಿನಲ್ಲಿ ಲವಂಗ. ಹೂಕೋಸು ಬೇಯಿಸಿ ಮೇಲೆ ಜಾಯಿಕಾಯಿ ತುರಿಯದಿದ್ದರೆ ಅಲ್ಲಿನ ಅಜ್ಜಿಯರಿಗೆ ಸಮಾಧಾನವಿಲ್ಲ.

ಜಾಯಿಕಾಯಿಯ ಖಾನೆ ಎಳೆದಾಗ ಮಾತ್ರ ನನಗೆ ಬೇರೆಯೇ ನೆನಪು. ಆಗ ಜಾಯಿಕಾಯಿ ಬೆಳೆಯುತ್ತಿದ್ದದ್ದು ಇಂಡೋನೇಷ್ಯಾದ ಬಾಂಡಾ ಎಂಬ ಚುಕ್ಕೆಯಂಥ ದ್ವೀಪಗಳಲ್ಲಿ ಮಾತ್ರ. ತಮಗಲ್ಲದೆ ಬೇರೆಯವರಿಗೆ ಮಾರಬಾರದು ಎಂದು ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟು ಮಾಡಿತು. ಜನ ಕೇಳಲಿಲ್ಲ. 1621ರಲ್ಲಿ ಯಾನ್ ಪೀಟರ್‌ಸೋನ್ ಕೂನ್ ಸೈನ್ಯ ಇಳಿಸಿದ. ದ್ವೀಪದ ಮೂಲನಿವಾಸಿಗಳಲ್ಲಿ ಬಹುಪಾಲು ಮಂದಿ ಸತ್ತರು, ಗುಲಾಮರಾದರು, ಇಲ್ಲವೇ ಓಡಿಹೋದರು. ತೋಟಗಳಿಗೆ ಬೇರೆ ಕಡೆಯ ಗುಲಾಮರನ್ನು ತಂದು ಹಾಕಿದರು. ಅಲ್ಲಿಯ ರುನ್ ಎಂಬ ಇನ್ನೊಂದು ಪುಟ್ಟ ದ್ವೀಪಕ್ಕಾಗಿ ಇಂಗ್ಲಿಷರೊಂದಿಗೆ ಇದ್ದ ತಕರಾರು 1667ರ ಬ್ರೆಡಾ ಒಪ್ಪಂದದಲ್ಲಿ ಮುಗಿಯಿತು. ರುನ್ ಡಚ್ಚರಿಗೆ ಉಳಿಯಿತು, ಮ್ಯಾನ್‌ಹಟನ್ ಇಂಗ್ಲಿಷರಿಗೆ. ಯಾರಿಗೆ ಲಾಭವಾಯಿತೆಂದು ಆಗ ಕೇಳಿದ್ದರೆ ಡಚ್ಚರು ನಮಗೇ ಎನ್ನುತ್ತಿದ್ದರು. ಖಾನೆಯ ಮೇಲಿನ ಚೀಟಿಯಲ್ಲಿ ಇದೆಲ್ಲ ಇರುವುದಿಲ್ಲ. ಅಂಗಡಿಯ ಚೀಟಿ ಇರುವುದು ಮಾಲಿನ ಹೆಸರು ಹೇಳಲಿಕ್ಕೆ.

ಕೊನೆಗೆ ಮೆಣಸು. ಕರಿಮೆಣಸು, ಬಿಳಿಮೆಣಸು ಎರಡನ್ನೂ ತಂದು ಕಟ್ಟೆಯ ಮೇಲಿಟ್ಟಳು. ನಮ್ಮ ಕಡೆ ಬೋಳಕಾಳು ಎನ್ನುವುದೇ ಈ ಬಿಳಿಮೆಣಸು: ಹಣ್ಣಾದ ಕಾಳನ್ನು ನೀರಲ್ಲಿ ನೆನೆಹಾಕಿ, ಸಿಪ್ಪೆ ಕೊಳೆಸಿ, ಉಜ್ಜಿ ತೊಳೆದು ಒಣಗಿಸಿದ್ದು. ನಾನು ಮೆಣಸಿನ ಬಳ್ಳಿಯ ಕೆಳಗೆ ಬೆಳೆದವನೆಂದು ಗೆಳೆಯ ಅವಳಿಗೆ ಹೇಳಿಬಿಟ್ಟ. ಬಳ್ಳಿ ಹಬ್ಬುವುದು ಅಡಿಕೆ ಮರಕ್ಕೆ, ಫೆಬ್ರುವರಿಯಲ್ಲಿ ಏಣಿ ಹಾಕಿ ಕರೆ ಬಿಡಿಸುತ್ತೇವೆ, ಹಸಿರು ಕಾಳು ಬಿಸಿಲಿಗೆ ಹಾಕಿದರೆ ತಾನೇ ಕಪ್ಪಾಗುತ್ತದೆ ಎಂದೆಲ್ಲ ವಿವರಿಸಿದೆ. ಮೆಣಸಿಗೆ ಏಣಿ ಬೇಕೆಂಬುದು ಅವಳಿಗೆ ಹೊಸದು. ಬದಲಿಗೆ ಅವಳೊಂದು ಮಾತು ಕಲಿಸಿದಳು: ‘ಪೇಪರ್‌ಡ್ಯೂರ್’. ಮೆಣಸಿನಷ್ಟು ದುಬಾರಿ. ಬಾಡಿಗೆಯಾಗಲಿ, ದಂತವೈದ್ಯರ ಬಿಲ್ಲಾಗಲಿ, ಕೈಸುಡುವ ಬೆಲೆಗೆ ಡಚ್ಚರು ಇಂದಿಗೂ ಹಾಗೆಯೇ ಅನ್ನುತ್ತಾರೆ. ಈ ಮಾತನ್ನು ನಮ್ಮ ಮೆಣಸು ಬೆಳೆಗಾರರ ಮುಂದೆ ಹೇಳಿದರೆ ಯಾವ ವರ್ಷದ ದರದ ಮೇಲೆ ಹೇಳಿದರಂತೆ ಎಂದು ಕೇಳಿಯಾರು.

ಆ ದುಬಾರಿ ಮೆಣಸಿನ ದಾರಿ ನಮ್ಮ ಅಂಗಳದಿಂದಲೇ ಹೊರಟಿದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಪೋರ್ಚುಗೀಸರ ಬೆನ್ನಿಗೆ ಡಚ್ಚರು ಬಂದರು. 1602ರಲ್ಲಿ ಕಂಪನಿ ಕಟ್ಟಿದಾಗ ಕೂಡಿದ ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಮ್‌ಸ್ಟರ್‌ಡ್ಯಾಮ್ ಒಂದೇ ಊರಿನದು. ಷೇರು ಬರೆದುಕೊಂಡದ್ದು ಕಚೇರಿಯಲ್ಲೂ ಅಲ್ಲ, ಒಬ್ಬ ವ್ಯಾಪಾರಿಯ ಮನೆಯಲ್ಲಿ. ಕೊನೆಗಳಿಗೆಯಲ್ಲಿ ಅವನ ಮನೆಗೆಲಸದಾಕೆಯೂ 100 ಗಿಲ್ಡರ್ ಹಾಕಿದಳು. 1663ರಲ್ಲಿ ಕೊಚ್ಚಿ ಡಚ್ಚರ ಕೈಸೇರಿತು. ಆ ಶತಮಾನದ ಉತ್ತರಾರ್ಧದಲ್ಲಿ ಕುಂದಾಪುರದ ಪಕ್ಕದ ಬಸರೂರಿನಲ್ಲಿ ಅವರದೊಂದು ಕೋಠಿ ಇತ್ತು. ಕೆಳದಿಯ ಅರಸರೊಂದಿಗೆ ಕರಾರು ಮಾಡಿಕೊಂಡು ಅಕ್ಕಿ, ಮೆಣಸು ಏರಿಸುತ್ತಿದ್ದರು. ಹ್ವಾಯ್ ಎನ್ನುವವರ ಬಂದರಿನಿಂದ ಹೋಯ್ ಎನ್ನುವವರ ಬಂದರಿಗೆ.

ಗಿಡಮೂಲಿಕೆಯ ತಿಳಿವಳಿಕೆಯೂ ಅದೇ ದಾರಿಯಲ್ಲಿ ಹೋಯಿತು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಬರೆಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದದ್ದು ಇದೇ ಆಮ್‌ಸ್ಟರ್‌ಡ್ಯಾಮಿನಲ್ಲಿ. ಮಾಹಿತಿ ಕೊಟ್ಟವರಲ್ಲಿ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ಅವರ ದೃಢೀಕರಣ ಪತ್ರ ನಾಗರಿ ಲಿಪಿಯಲ್ಲಿ ಆ ಗ್ರಂಥದಲ್ಲೇ ಅಚ್ಚಾಗಿದೆ. ಗಂದಿಗೆಯವರ ಗ್ರಂಥ!

ಯಾಕೋಬ್ ಹೋಯ್ ವ್ಯಾಪಾರ ಶುರುಮಾಡಿದಾಗ ಈ ವೈಭವ ಇಳಿಮುಖವಾಗಿತ್ತು. ಕೇವಲ ಎರಡು ವರ್ಷ ಮೊದಲು, 1741ರ ಆಗಸ್ಟಿನಲ್ಲಿ, ತಿರುವಾಂಕೂರಿನ ಮಾರ್ತಾಂಡವರ್ಮ ಕೊಳಚ್ಚಲ್ ಕಡಲತೀರದಲ್ಲಿ ಡಚ್ಚರನ್ನು ಸೋಲಿಸಿದ್ದ. ಮಲಬಾರಿನ ಮೆಣಸಿನ ಮೇಲೆ ಅವರ ಹಿಡಿತ ಆಮೇಲೆ ಮೊದಲಿನಂತಾಗಲಿಲ್ಲ. 1799ರ ಕೊನೆಗೆ ಕಂಪನಿಯೇ ಮುಚ್ಚಿತು. ನೂರಾರು ಹಡಗು, ಸ್ವಂತ ಸೈನ್ಯ ಇದ್ದ ಕಂಪನಿ ಹೋಯಿತು. ಹತ್ತು ಗ್ರಾಂ ತೂಗಿಕೊಡುವ ಅಂಗಡಿ ಉಳಿಯಿತು.

ಐವತ್ತು ಗ್ರಾಂ ಕರಿಮೆಣಸು, ಸ್ವಲ್ಪ ಬಜೆ, ಒಂದು ಚೀಲ ಡ್ರಾಪ್ ಕಟ್ಟಿಸಿಕೊಂಡು ಹೊರಗೆ ಬಂದೆವು. ಅದೇ ದಂಡೆಯಲ್ಲಿ ಮುಂದೆ ನಡೆದರೆ 26ನೇ ನಂಬರಿನ ಮನೆ ಸಿಗುತ್ತದೆ. ಅದರ ಅಗಲ 2.44 ಮೀಟರ್, ಎರಡು ಕೈ ಚಾಚಿ ಮೇಲೆ ಮೂರು ಗೇಣು ಸೇರಿಸಿದಷ್ಟು. ನೇರ ಎದುರಿಗೆ, ಕಾಲುವೆಯಾಚೆ, 29ನೇ ನಂಬರಿನದು ಟ್ರಿಪ್ ಸಹೋದರರ ಭವನ; 1660ರಿಂದ 62ರ ನಡುವೆ ಎದ್ದದ್ದು, 22 ಮೀಟರ್ ಅಗಲ. ಫಿರಂಗಿ ಮಾರಿ ಹಣ ಮಾಡಿದವರು, ಹೊಗೆಗೂಡನ್ನೂ ತೋಪಿನ ಆಕಾರಕ್ಕೇ ಕಟ್ಟಿಸಿದರು. ‘ಧಣಿಗಳ ಬಾಗಿಲಷ್ಟು ಅಗಲದ ಮನೆ ಇದ್ದರೂ ನನಗೆ ಸಾಕಿತ್ತು’ ಎಂದು ಅವರ ಗಾಡಿಯಾಳು ಗೊಣಗಿದ್ದಕ್ಕೆ ಉಳಿದ ಕಲ್ಲಿನಲ್ಲಿ ಎದುರಿಗೇ ಈ ಪುಟ್ಟ ಮನೆ ಕಟ್ಟಿಸಿಕೊಟ್ಟರೆಂಬ ಕಥೆಯಿದೆ. ಆದರೆ ಪುಟ್ಟ ಮನೆ ಕಟ್ಟಿದ್ದು 1696ರಲ್ಲಿ. ಲೆಕ್ಕ ಹಾಕಿದರೆ ಗಾಡಿಯಾಳಿಗೆ ಬಹಳ ವಯಸ್ಸಾಗಿರಬೇಕು. ಕಥೆ ಮಾತ್ರ ಪ್ರವಾಸಿಗರಿಗೆ ಹೇಳಲು ಹೇಳಿ ಮಾಡಿಸಿದಂತಿದೆ. ದೊಡ್ಡ ಭವನದಲ್ಲಿ ಈಗ ದೇಶದ ವಿಜ್ಞಾನ ಅಕಾಡೆಮಿ ಇದೆ.

ಇನ್ನಷ್ಟು ನಡೆದು ಬಲಕ್ಕೆ ತಿರುಗಿದರೆ ಕಂಪನಿಯ ಕೇಂದ್ರ ಕಚೇರಿಯಾಗಿದ್ದ ಈಸ್ಟ್ ಇಂಡಿಯಾ ಹೌಸ್. 1606ರ ಕಟ್ಟಡ. ಒಳಗೆ ಇಟ್ಟಿಗೆ ಹಾಸಿದ ಅಂಗಳ. ಮೆಣಸು ತುಂಬಿಡಲು ಪಕ್ಕದ ಕಟ್ಟಡವನ್ನೂ ತೆಗೆದುಕೊಂಡಿದ್ದರು. ಈಗ ವಿಶ್ವವಿದ್ಯಾಲಯದ ತರಗತಿಗಳು ನಡೆಯುತ್ತವೆ. ಅಂಗಳದ ತುಂಬ ಸೈಕಲ್ಲು, ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದ ಹುಡುಗ ಹುಡುಗಿಯರು. ನಾನು ಗೋಡೆಗೆ ಮೂಗು ಹಚ್ಚಿ ನೋಡಿದೆ. ಗೆಳೆಯ ಆಚೆ ಈಚೆ ನೋಡಿ, ‘ಯಾರಾದ್ರೂ ನೋಡ್ಯಾರು, ಬಾರೋ’ ಎಂದ. ಸುಣ್ಣ ಮತ್ತು ಇಟ್ಟಿಗೆಯ ವಾಸನೆ, ಅಷ್ಟೆ. ಕಂಪನಿಯ ಮನೆಯಲ್ಲಿ ಮೆಣಸಿನ ಸುಳಿವೇ ಇಲ್ಲ. ಆ ಊರಿನ ಹಳೆಯ ಮನೆಗಳಲ್ಲಿ ಹೋಟೆಲುಗಳಾದವು ಎಷ್ಟೋ, ವಕೀಲರ ಕಚೇರಿಗಳಾದವು ಎಷ್ಟೋ. ಅಟ್ಟಗಳು ಹಾಸಿಗೆ ಕೋಣೆಗಳಾಗಿವೆ, ತೊಲೆಗಳು ಸೋಫಾ ಎತ್ತುತ್ತಿವೆ. ಹಳೆಯ ಕಸುಬನ್ನೇ ಮಾಡುತ್ತಿರುವ ಮನೆ ನಾನು ನೋಡಿದ್ದರಲ್ಲಿ ಯಾಕೋಬ್ ಹೋಯ್ ಅಂಗಡಿಯದೊಂದೇ.

ತಿಂಗಳ ನಂತರ ಊರಿಗೆ ಹೋದಾಗ ಆ ಕಾಗದದ ಚೀಲಗಳನ್ನು ಜಗಲಿಯ ಮೇಲಿಟ್ಟೆ. ಆಮ್‌ಸ್ಟರ್‌ಡ್ಯಾಮಿನಿಂದ ಶಿರಸಿಗೆ ಮೆಣಸು ತಂದವನೆಂದು ಕೇರಿಯಲ್ಲೆಲ್ಲ ನನ್ನ ಹೆಸರು ಹಬ್ಬಿತು. ಚಿಕ್ಕಿ ಡ್ರಾಪ್ ಬಾಯಿಗೆ ಹಾಕಿಕೊಂಡವಳು ಮಾತಾಡದೆ ಎದ್ದು ಬಚ್ಚಲಿಗೆ ಹೋದಳು. ಅಪ್ಪಚ್ಚಿ ಅಂಗೈಗೆ ನಾಲ್ಕು ಮೆಣಸಿನ ಕಾಳು ಸುರಿದುಕೊಂಡು, ಬೆಳಕಿಗೆ ಹಿಡಿದು, ಒಂದನ್ನು ಹಲ್ಲಿನಲ್ಲಿ ಒಡೆದ.

‘ಒಣಗ್ಸಿದ್ದು ಚೊಲೋ ಇದ್ದು ತಮಾ. ಕಾಳು ಮಾತ್ರ ಸಣ್ಣ.’